ಎಲ್ಬೆ ದಂಡೆಯ ಮೂಲೆ ಜಿಲ್ಲೆಯಿಂದ

ಅಪ್ಪಾ,

ನಾವು ಈಗ ಹ್ಯಾಂಬರ್ಗಿನ ಆಗ್ನೇಯಕ್ಕೆ, ಎಲ್ಬೆ ನದಿಯ ದಂಡೆಯಲ್ಲಿರುವ ಲ್ಯೂಖೊ-ಡಾನೆನ್‌ಬೆರ್ಗ್ ಜಿಲ್ಲೆಯಲ್ಲಿದ್ದೇವೆ. ವೆಂಡ್‌ಲಾಂಡ್ ಎಂದರೇ ಎಲ್ಲರಿಗೂ ಗೊತ್ತು. ಜಿಲ್ಲೆಗೆಲ್ಲ ಸೇರಿ ಜನ ಐವತ್ತು ಸಾವಿರದ ಆಸುಪಾಸು. ದೇಶ ಒಂದಾಗುವ ತನಕ ಮೂರು ಕಡೆಗೂ ಪೂರ್ವ ಜರ್ಮನಿಯ ಗಡಿಯಿತ್ತು. ಡ್ಯೋಮಿಟ್ಸ್ ಊರಿನ ಎದುರು ದಡದಲ್ಲಿ ರೈಲು ಸೇತುವೆ ನೋಡಿದೆವು. 1945ರ ಏಪ್ರಿಲ್‌ನಲ್ಲಿ ಬಾಂಬು ಬಿದ್ದು ತುಂಡಾದದ್ದನ್ನು ಮತ್ತೆ ಕಟ್ಟಲೇ ಇಲ್ಲ. ಈ ದಡದ ಕಬ್ಬಿಣದ ಕಮಾನುಗಳು ಹುಲ್ಲುಗಾವಲಿನ ಮೇಲೆ ಸಾಲಾಗಿ ಬಂದು ನೀರಿನ ಹತ್ತಿರ ನಿಂತುಬಿಡುತ್ತವೆ.

ಹೀಗೆ ಮೂಲೆಗೆ ಬಿದ್ದದ್ದರಿಂದಲೇ ಇಲ್ಲಿನ ದುಂಡು ಹಳ್ಳಿಗಳು ಉಳಿದವು ಅನ್ನಿಸುತ್ತದೆ. ಹನ್ನೆರಡನೇ ಶತಮಾನದ ಸುಮಾರಿಗೆ ವೆಂಡರೆಂಬ ಸ್ಲಾವ್ ಜನ ನೆಲೆನಿಂತ ಊರುಗಳಿವು. ಅವರ ಮಾತು ಹದಿನೆಂಟನೇ ಶತಮಾನದಲ್ಲೇ ಅಳಿಯಿತು; ಪಾರುಮ್ ಶುಲ್ಟ್ಸೆ ಎಂಬ ರೈತ ಊರಿನ ಸುದ್ದಿಯ ಜೊತೆಗೆ ಒಂದಿಷ್ಟು ಪದ ಬರೆದಿಟ್ಟದ್ದು ಪುಣ್ಯ. ಲ್ಯೂಬೆಲ್ನ್‌ನಲ್ಲಿ ನಡುವಿನ ಬಯಲಿಗೆ ಮುಖ ಮಾಡಿ ಮನೆಗಳು ಸುತ್ತುವರಿದಿವೆ. ಹುಲ್ಲಿನ ಗಾಡಿ ನೇರ ಒಳಗೆ ಹೋಗುವಷ್ಟು ದೊಡ್ಡ ಬಾಗಿಲು. ಒಳಗೆ ಅಕ್ಕಪಕ್ಕ ದನ ಕಟ್ಟುವ ಜಾಗ, ಅಟ್ಟದಲ್ಲಿ ಮೇವು, ಹಿಂಭಾಗದಲ್ಲಿ ಜನ. ಮುಂಭಾಗದ ತೊಲೆಯಲ್ಲಿ ಕಟ್ಟಿಸಿದ ಗಂಡ-ಹೆಂಡಿರ ಹೆಸರು, ಇಸವಿ.

ಆದರೆ ನಿಮಗೆ ಹೇಳಲೇಬೇಕಾದದ್ದು ಇಲ್ಲಿನ ರೈತರ ಹೋರಾಟ. ಗೋರ್‌ಲೆಬೆನ್ ಎಂಬಲ್ಲಿ ನೆಲದಾಳದಲ್ಲಿ ಉಪ್ಪಿನ ದೊಡ್ಡ ಗುಡ್ಡೆಯಿದೆ. 1977ರಲ್ಲಿ ಸರ್ಕಾರ ಅಲ್ಲಿ ಅಣುತ್ಯಾಜ್ಯ ಹೂಳಲು, ಪಕ್ಕದಲ್ಲೇ ಅದನ್ನು ಸಂಸ್ಕರಿಸುವ ಕಾರ್ಖಾನೆ ಕಟ್ಟಲು ಹೊರಟಿತು. 1979ರ ಮಾರ್ಚಿನಲ್ಲಿ ರೈತರು ಟ್ರ್ಯಾಕ್ಟರ್ ಹತ್ತಿ ರಾಜ್ಯದ ರಾಜಧಾನಿ ಹ್ಯಾನೋವರ್‌ಗೇ ಹೋದರು. ಅದೇ ವಾರ ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಅಪಘಾತವಾಗಿತ್ತು. ಅಲ್ಲಿ ಸುಮಾರು ಒಂದು ಲಕ್ಷ ಜನ ಸೇರಿದರು. ಕಾರ್ಖಾನೆಯ ಯೋಜನೆ ಅಲ್ಲಿಗೇ ನಿಂತಿತು, ಹೂಳುವ ಯೋಜನೆ ನಿಲ್ಲಲಿಲ್ಲ. ಮರುವರ್ಷ ಅದಕ್ಕಾಗಿ ನೆಲ ಕೊರೆದು ಪರೀಕ್ಷಿಸುವ ಜಾಗದಲ್ಲೇ ಗುಡಿಸಲು ಹಾಕಿ, ಅದನ್ನು ಸ್ವತಂತ್ರ ವೆಂಡ್‌ಲಾಂಡ್ ಗಣರಾಜ್ಯವೆಂದು ಕರೆದು ಕೂತರು. ಪೊಲೀಸರು ಬಂದು ಕೆಡವಿದರು. ತ್ಯಾಜ್ಯದ ಪೆಟ್ಟಿಗೆಗಳು ರೈಲಿನಲ್ಲಿ ಬಂದಾಗಲೆಲ್ಲ ಹಳಿಯ ಮೇಲೆ ಜನ ಕುಳಿತರು. ಕೊನೆಗೆ 2020ರಲ್ಲಿ ಹೂಳುವ ಜಾಗಗಳ ಪಟ್ಟಿಯಿಂದ ಗೋರ್‌ಲೆಬೆನ್ ಹೊರಬಿತ್ತು. ಅಪ್ಪಾ, ತಂದೆ ಶುರು ಮಾಡಿದ್ದನ್ನು ಮಕ್ಕಳು, ಮೊಮ್ಮಕ್ಕಳು ಬಿಡದೆ ಹಿಡಿದರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಂಡಿತು. ಗುಣಾಕಾರದ ಗುರುತಿನಂತೆ ಜೋಡಿಸಿದ ಹಳದಿ ಹಲಗೆಗಳು, ಅವರ ಹೋರಾಟದ ಚಿಹ್ನೆ, ಇಂದಿಗೂ ಅಂಗಳಗಳಲ್ಲಿವೆ. ಆಗ ಬಂದ ತ್ಯಾಜ್ಯದ ಪೆಟ್ಟಿಗೆಗಳೂ ಗೋರ್‌ಲೆಬೆನ್‌ನ ಶೆಡ್ಡಿನಲ್ಲೇ ಇವೆ, 113. ಅವನ್ನು ಹೂಳಲು ಇನ್ನೂ ಜಾಗ ಸಿಕ್ಕಿಲ್ಲ.

ನಾಳೆ ಹಿಟ್ಸಾಕರ್ ಎಂಬ ಊರಿಗೆ ಹೊರಡುತ್ತೇವೆ. ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು