ಗಾಳಕ್ಕೆ ಬಾಯಿ ಹಾಕದ ಮೀನು

ವಾರ್ಸಾ, ಮಿಸೌರಿ
ಏಪ್ರಿಲ್, ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಯ್ಯನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಆಫೀಸಿನ ಕೆಲಸಕ್ಕೆಂದು ಕಾನ್ಸಾಸ್ ಸಿಟಿಗೆ ಬಂದವಳು ಸಹೋದ್ಯೋಗಿಯ ಮನೆಯವರ ಜೊತೆ ಎರಡು ಗಂಟೆ ಕಾರಿನಲ್ಲಿ ಕೂತು ಮೀನು ಹಿಡಿಯಲು ಬಂದಿದ್ದೇನೆ ಅಂದರೆ ಅಮ್ಮ ನಗುತ್ತಾರೆ. ನೀವು ಮಾತ್ರ ಮೊದಲು ಕೇಳುವುದು, ಗಾಳಕ್ಕೆ ಎಂಥ ಹಾಕಿದ್ರಿ ಅಂತ. ಹೇಳಿಬಿಡುತ್ತೇನೆ: ಏನೂ ಹಾಕಲಿಲ್ಲ. ಚಟ್ಲಿ ಇಲ್ಲ, ಎರೆಹುಳ ಇಲ್ಲ, ಮಿನುಗುವ ಪ್ಲಾಸ್ಟಿಕ್ ಮೀನೂ ಇಲ್ಲ. ಬರೀ ಕೊಕ್ಕೆ.

ಮೀನಿನ ಹೆಸರು ಪ್ಯಾಡಲ್‌ಫಿಶ್. ಇಲ್ಲಿನವರ ಬಾಯಲ್ಲಿ ಸ್ಪೂನ್‌ಬಿಲ್. ಮಿಸಿಸಿಪ್ಪಿ ಮತ್ತು ಅದಕ್ಕೆ ಸೇರುವ ನದಿಗಳದ್ದು. ಹುರುಪೆ ಇಲ್ಲದ ಬೂದು ಬಣ್ಣದ ನುಣುಪು ಮೈ, ಮೈಗೆ ಹೋಲಿಸಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಪುಟ್ಟ ಕಣ್ಣು. ಉದ್ದದಲ್ಲಿ ಮೂರನೇ ಒಂದು ಪಾಲು ಬರೀ ಚಪ್ಪಟೆ ಮೂತಿ. ಆ ಮೂತಿಯ ತುಂಬ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ನೀರಿನಲ್ಲಿ ತೇಲುವ, ಕಣ್ಣಿಗೆ ಕಂಡೂ ಕಾಣದಂಥ ಜೀವಿಗಳ ಮೈಯಿಂದ ಹೊರಡುವ ಕ್ಷೀಣ ವಿದ್ಯುತ್ತು ಕೂಡ ಅವಕ್ಕೆ ತಿಳಿಯುತ್ತದೆ. ಮೀನು ಬಾಯಿ ಅಗಲಿಸಿಕೊಂಡೇ ಈಜುತ್ತದೆ. ನೀರು ಕಿವಿರಿನಿಂದ ಆಚೆ ಹೋಗುತ್ತದೆ, ಆಹಾರ ಒಳಗೆ ಉಳಿಯುತ್ತದೆ. ದೊಡ್ಡದಾದ ಮೇಲೆ ಬಾಯಲ್ಲಿ ಹಲ್ಲೇ ಇರುವುದಿಲ್ಲ. ಇಂಥ ಮೀನಿಗೆ ಚಟ್ಲಿ ತೋರಿಸಿ ಏನು ಉಪಯೋಗ?

ಹಾಗಾಗಿ ಇಲ್ಲಿ ಮಾಡುವುದು ಇಷ್ಟು. ದಪ್ಪ ಗಾಳದ ಕೋಲು, ಎಂಬತ್ತು ನೂರು ಪೌಂಡ್ ತಡೆಯುವ ಹೆಣೆದ ದಾರ, ತುದಿಯಲ್ಲಿ ಭಾರದ ಸೀಸ, ಅದರ ಮೇಲೆ ಮೂರು ಮುಳ್ಳಿನ ದೊಡ್ಡ ಕೊಕ್ಕೆಗಳು. ದೋಣಿ ನಿಧಾನ ಸಾಗುತ್ತಿರುತ್ತದೆ. ಕೂತವರು ಕೋಲನ್ನು ಒಮ್ಮೆ ಜೋರಾಗಿ ಹಿಂದಕ್ಕೆ ಸೆಳೆಯುವುದು, ಸಡಿಲ ಬಿಡುವುದು, ಮತ್ತೆ ಸೆಳೆಯುವುದು. ನೀರಿನಡಿ ಸಾಗುತ್ತಿರುವ ಮೀನಿನ ಮೈಗೆ ಕೊಕ್ಕೆ ಎಲ್ಲಾದರೂ ಸಿಕ್ಕಿಕೊಂಡರೆ ಅದೃಷ್ಟ. ಅಣೆಕಟ್ಟಿನ ಕೆಳಗೆ ದಡದಲ್ಲಿ ನಿಂತು ಇದನ್ನೇ ಮಾಡುವವರೂ ಇದ್ದಾರೆ. ಅರ್ಧ ಗಂಟೆಯಲ್ಲಿ ಭುಜ ಕಿತ್ತು ಬರುತ್ತದೆ. ಕಾಯುವ ತಾಳ್ಮೆ ಬೇಕಿಲ್ಲ, ಮೀನು ಮೂಸಿ ನೋಡುತ್ತಿದೆ ಅನ್ನುವ ಬೆರಳಿನ ಅಂದಾಜೂ ಬೇಕಿಲ್ಲ. ಊರಲ್ಲಿ ಪಂಚಗಂಗಾವಳಿ ಹೊಳೆಯ ದಡದಲ್ಲಿ ಕೂತು ದಾರದ ಒಂದು ಮಿಡಿತಕ್ಕೆ ಇದು ಯಾವ ಮೀನು ಎಂದು ಹೇಳುವ ನಿಮಗೆ ಇದು ಗಾಳ ಹಾಕುವುದೇ ಅಲ್ಲ. ನನಗೂ ಹಾಗೇ ಅನ್ನಿಸಿತು, ಈಗಲೂ ಅನ್ನಿಸುತ್ತಿದೆ.

ಆದರೆ ಸಿಕ್ಕಿದ ಗಳಿಗೆಯೇ ಬೇರೆ. ನಮ್ಮ ದೋಣಿಯ ಹಿರಿಯರ ಕೋಲು ಸೆಳೆದದ್ದು ಸೆಳೆದಲ್ಲೇ ನಿಂತಿತು. ಬಂಡೆಗೆ ಸಿಕ್ಕಿತೋ ಏನೋ ಅಂದುಕೊಳ್ಳುವಷ್ಟರಲ್ಲಿ ಬಂಡೆ ಚಲಿಸತೊಡಗಿತು. ಕೊಕ್ಕೆ ಬಾಲದ ಹತ್ತಿರ ಹಿಡಿದಿತ್ತು, ಹಾಗಾಗಿ ಮೀನು ಹಿಂದುಮುಂದಾಗಿ ಬರಬೇಕು, ಅದು ಒಪ್ಪುತ್ತಿಲ್ಲ. ಕೋಲಿನ ಬುಡವನ್ನು ಹೊಟ್ಟೆಗೆ ಆನಿಸಿಕೊಂಡು ಅವರು ಸುತ್ತುತ್ತಾರೆ, ಅದು ಎಳೆದುಕೊಂಡು ಹೋಗುತ್ತದೆ. ಕೊನೆಗೆ ನೀರಿನಿಂದ ಮೊದಲು ಎದ್ದದ್ದು ಬಾಲ, ಕಟ್ಟಕಡೆಗೆ ಆ ಮೂತಿ. ಇಬ್ಬರು ಸೇರಿ ಬಲೆಯಲ್ಲಿ ಎತ್ತಿ ಹಾಕಿದರು. ಕೂಡಲೇ ಅಳತೆ ಪಟ್ಟಿ ಹೊರಬಂತು. ಅಳೆಯುವುದು ಕಣ್ಣಿನಿಂದ ಬಾಲದ ಕವಲಿನವರೆಗೆ; ಮೂತಿ ಲೆಕ್ಕಕ್ಕಿಲ್ಲ, ಯಾಕೆಂದರೆ ಎಷ್ಟೋ ಮೀನುಗಳ ಮೂತಿ ಮುರಿದಿರುತ್ತದೆ. ಇಲ್ಲಿ 34 ಇಂಚಿಗಿಂತ ಕಡಿಮೆಯಿದ್ದರೆ ಗಾಯ ಮಾಡದೆ ಆಗಲೇ ನೀರಿಗೆ ಬಿಡಬೇಕು. ಇದು ದಾಟಿತ್ತು. ನಾವು ದೋಣಿ ಬಿಟ್ಟ ಇದೇ ಓಸೇಜ್ ನದಿಗೆ ಅಣೆ ಕಟ್ಟಿ ಆದ ಲೇಕ್ ಆಫ್ ದಿ ಓಜಾರ್ಕ್ಸ್‌ನಲ್ಲಿ 2024ರ ಮಾರ್ಚ್‌ನಲ್ಲಿ 164 ಪೌಂಡ್ 13 ಔನ್ಸ್ ತೂಗಿದ್ದು ಸಿಕ್ಕಿದೆಯಂತೆ, ಅಂದರೆ ಎಪ್ಪತ್ತನಾಲ್ಕು ಕಿಲೋಗೂ ಮಿಕ್ಕಿ. ನಮ್ಮದು ಅಂಥದ್ದೇನಲ್ಲ ಬಿಡಿ.

ಒಬ್ಬರಿಗೆ ದಿನಕ್ಕೆ ಎರಡೇ ಮೀನು. ಮಾರ್ಚ್ 15ರಿಂದ ಏಪ್ರಿಲ್ 30ರವರೆಗೆ ಮಾತ್ರ ಹಂಗಾಮು. ಪರವಾನಗಿ ಬೇಕು. ನಮ್ಮಲ್ಲಿ ಮಳೆಗಾಲದ ಅರವತ್ತೊಂದು ದಿನ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ನಿಲ್ಲುವುದು ಮೀನು ಮರಿ ಹಾಕಲಿ ಅಂತ. ಇಲ್ಲಿ ನೋಡಿದರೆ ಮೀನು ಮೊಟ್ಟೆಯಿಡಲು ಹೊರಟ ಹೊತ್ತಿನಲ್ಲೇ ಹಿಡಿಯಲು ಬಿಡುತ್ತಾರೆ! ಇದೆಂಥ ನ್ಯಾಯ ಎಂದು ಕೇಳಿದೆ. ಹಿರಿಯರು ಕೈ ತೋರಿಸಿದ್ದು ಅಣೆಕಟ್ಟಿನ ಕಡೆಗೆ. ವಸಂತದಲ್ಲಿ ನೀರು ಹತ್ತು ಡಿಗ್ರಿ ದಾಟಿ ಬೆಚ್ಚಗಾದಾಗ, ಹೊಳೆ ಉಬ್ಬಿದಾಗ, ಈ ಮೀನು ಹರಿವಿಗೆ ಎದುರಾಗಿ ಮೇಲಕ್ಕೆ ಹೋಗಿ ಕಲ್ಲುಹಾಸಿನ ಮೇಲೆ ಮೊಟ್ಟೆ ಇಡಬೇಕು. ಓಸೇಜ್ ನದಿಗೆ 1931ರಲ್ಲಿ ಬ್ಯಾಗ್ನೆಲ್ ಅಣೆಕಟ್ಟು ಬಂತು. ವಾರ್ಸಾ ಊರಿನ ತಲೆಯ ಮೇಲೆಯೇ ಟ್ರೂಮನ್ ಅಣೆಕಟ್ಟು 1979ರಲ್ಲಿ ಮುಗಿಯಿತು. ಮೊಟ್ಟೆಯಿಡುವ ಜಾಗ ಅದರ ಹಿಂದಿನ ನೀರಿನಡಿ ಮುಳುಗಿಹೋಯಿತು. ಮೀನು ಇಂದಿಗೂ ಹಳೆಯ ಅಭ್ಯಾಸದಂತೆ ಹತ್ತಿ ಬರುತ್ತದೆ, ಗೋಡೆಗೆ ಬಂದು ನಿಲ್ಲುತ್ತದೆ. ಅಲ್ಲೇ ಜನ ಕೊಕ್ಕೆ ಹಿಡಿದು ಕಾದಿರುತ್ತಾರೆ.

ಹಾಗಾದರೆ ಮೀನು ಉಳಿದದ್ದು ಹೇಗೆ? ಸರಕಾರ ಸಾಕಿ ಬಿಡುತ್ತದೆ. ಬ್ಲೈಂಡ್ ಪೋನಿ ಎಂಬಲ್ಲಿ ಮರಿ ಉತ್ಪಾದನಾ ಕೇಂದ್ರವಿದೆ. ಅಲ್ಲಿ ಮೊಟ್ಟೆ ಒಡೆಸಿ, ಮರಿಗಳನ್ನು ಅಡಿಯುದ್ದ ಬೆಳೆಸಿ, ಪ್ರತಿ ವರ್ಷ ಈ ಜಲಾಶಯಗಳಿಗೆ ತಂದು ಬಿಡುತ್ತಾರೆ. ಬಿಟ್ಟ ಮರಿ ಹಿಡಿಯುವ ಗಾತ್ರಕ್ಕೆ ಬರಲು ಏಳೆಂಟು ವರ್ಷ ಬೇಕು. ಅಂದರೆ ಇಂದು ಈ ಮಡುವಿನಲ್ಲಿ ಕೊಕ್ಕೆಗೆ ಸಿಗುವ ಮೀನು ಹೆಚ್ಚಾಗಿ ಯಾರೋ ಕೈಯಾರೆ ಬಿಟ್ಟದ್ದು. ನದಿಯಲ್ಲಿದ್ದರೂ ಒಂದು ಬಗೆಯಲ್ಲಿ ಸಾಕಿದ ಮೀನೇ. ಇದು ತಿಳಿದ ಮೇಲೆ ಹಿಡಿಯುವ ಹುರುಪು ನನಗೆ ಸ್ವಲ್ಪ ಕಮ್ಮಿಯಾಯಿತು, ಆದರೆ ಸಾಕುವವರ ಮೇಲೆ ಗೌರವ ಹೆಚ್ಚಿತು. ಚೀನಾದ ಯಾಂಗ್ಟ್ಸೆ ನದಿಯಲ್ಲೂ ಇದರ ದಾಯಾದಿ ಒಂದಿತ್ತು, ಇದಕ್ಕಿಂತ ದೊಡ್ಡದು. 1981ರಲ್ಲಿ ಗೆಝೌಬಾ ಅಣೆಕಟ್ಟು ಅದರ ದಾರಿ ಮುಚ್ಚಿತು. 2003ರ ನಂತರ ಅದನ್ನು ಕಂಡವರಿಲ್ಲ. 2022ರಲ್ಲಿ ಅಳಿದುಹೋಯಿತೆಂದು ಅಧಿಕೃತವಾಗಿ ಬರೆದೂ ಆಯಿತು. ಈಗ ಇಡೀ ಲೋಕದಲ್ಲಿ ಈ ಕುಲಕ್ಕೆ ಉಳಿದಿರುವುದು ಅಮೆರಿಕದ್ದೊಂದೇ.

ಇದಕ್ಕೆ ಇನ್ನೊಂದು ಕಂಟಕ ಹೊಟ್ಟೆಯೊಳಗೇ ಇದೆ. ದೊಡ್ಡ ಹೆಣ್ಣು ಮೀನಿನಲ್ಲಿ ಕಿಲೋಗಟ್ಟಲೆ ಕಪ್ಪು ಮೊಟ್ಟೆ ಇರುತ್ತದೆ. ಕ್ಯಾಸ್ಪಿಯನ್ ಸಮುದ್ರದ ಸ್ಟರ್ಜನ್ ಮೀನು ಬರಿದಾಗುತ್ತ ಬಂದಂತೆ ಮೀನಿನ ಮೊಟ್ಟೆಯನ್ನು ಕ್ಯಾವಿಯರ್ ಎಂದು ಮಾರುವ ವ್ಯಾಪಾರಿಗಳ ಕಣ್ಣು ಇದರ ಮೇಲೆ ಬಿತ್ತು. ಮಿಸೌರಿಯಲ್ಲಿ ಹೀಗೆ ಹಿಡಿದ ಮೀನಿನ ಮೊಟ್ಟೆಯನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಆದರೂ ಕದ್ದು ನಡೆಯುತ್ತಿತ್ತು. ಆಗ ರಾಜ್ಯದ ಸಂರಕ್ಷಣಾ ಇಲಾಖೆಯವರೂ ಕೇಂದ್ರದ ವನ್ಯಜೀವಿ ಇಲಾಖೆಯವರೂ ಏನು ಮಾಡಿದರು ಗೊತ್ತೇ? ಇದೇ ವಾರ್ಸಾದಲ್ಲಿ ರೋಡ್‌ಹೌಸ್ ಎಂಬ ಹೆಸರಿನಲ್ಲಿ ತಾವೇ ಮೀನು ಹಿಡಿಯುವವರಿಗೆಂದು ವ್ಯವಹಾರ ನಡೆಸಿದರು, ವೇಷ ಮರೆಸಿಕೊಂಡು. ಮೊಟ್ಟೆ ಕೊಳ್ಳಲು ತಾವಾಗಿ ಬಂದವರನ್ನೆಲ್ಲ ಬರೆದಿಟ್ಟುಕೊಂಡರು. 2013ರ ಮಾರ್ಚ್‌ನಲ್ಲಿ ಬಲೆ ಎಳೆದಾಗ ಹಲವು ರಾಜ್ಯಗಳ ನೂರಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಹೊರಗಿನಿಂದ ನೋಡಿದರೆ ಈ ಮೀನು ಹೆಣ್ಣೋ ಗಂಡೋ ತಿಳಿಯುವುದು ಕಷ್ಟ. ಮೊಟ್ಟೆಯ ಆಸೆಗೆ ಬಿದ್ದವನು ಹೊಟ್ಟೆ ಸೀಳಿ ನೋಡಿ, ಇಲ್ಲದಿದ್ದರೆ ಮೀನನ್ನೇ ಎಸೆಯುತ್ತಾನೆ. ಕಾನೂನು ಇಷ್ಟು ಬಿಗಿಯಾಗಿರುವುದು ಅದಕ್ಕೇ. ಸರಿಯಾಗಿಯೇ ಇದೆ.

ಇನ್ನು ಅಮ್ಮನ ಭಾಗ. ಓದಿ ಹೇಳಿ.

ಹಿಡಿದ ಕೂಡಲೇ ಕಿವಿರು ಕೊಯ್ದು ರಕ್ತ ಬಸಿದು ಮಂಜುಗಡ್ಡೆಯ ಮೇಲೆ ಹಾಕಿದರು. ದಡಕ್ಕೆ ಬಂದ ಮೇಲೆ ಮೂತಿಯನ್ನು ಕೊಂಡಿಗೆ ಸಿಕ್ಕಿಸಿ ಮೀನನ್ನು ತೂಗುಹಾಕಿದರು. ಬಾಲದ ಮೇಲ್ಗಡೆ ಸುತ್ತಲೂ ಕೊಯ್ದು, ಬಾಲ ತಿರುಚಿ, ಎರಡೂ ಕೈಯಲ್ಲಿ ಕೆಳಕ್ಕೆ ಜಗ್ಗಿದರು. ಬಾಲದ ಜೊತೆ ಬೆನ್ನೊಳಗಿನ ಬಿಳಿ ಹುರಿ ಬಾವಿಯಿಂದ ಹಗ್ಗ ಬಂದ ಹಾಗೆ ಉದ್ದಕ್ಕೆ ಇಳಿದು ಬಂತು. ಬೆನ್ನುಮೂಳೆ ಅಂತ ಇದಕ್ಕಿರುವುದು ಅದೇ. ಅಸ್ಥಿಪಂಜರ ಹೆಚ್ಚುಕಮ್ಮಿ ಪೂರ್ತಿ ಮೆದುಮೂಳೆ, ನಮ್ಮ ತೊರಕೆ ಮೀನಿನ ಹಾಗೆ. ಮಾಂಸದಲ್ಲಿ ಒಂದು ಮುಳ್ಳಿಲ್ಲ. ಆಮೇಲಿನದು ಚಾಕುವಿನ ಕೆಲಸ. ಚರ್ಮದ ಕೆಳಗೆ ಕೆಂಪಗೆ, ಜಿಡ್ಡಾಗಿ ಒಂದು ಪದರವಿರುತ್ತದೆ. ಅದರಲ್ಲಿ ಕೆಸರಿನ ವಾಸನೆ. ಅದನ್ನು ಚೂರೂ ಬಿಡದೆ ಕೊಯ್ದು ತೆಗೆಯಬೇಕು, ಬಿಳಿ ಮಾಂಸ ಮಾತ್ರ ಉಳಿಯುವ ತನಕ. ಎಷ್ಟು ದೊಡ್ಡ ಮೀನು ಎಷ್ಟು ಸಣ್ಣ ರಾಶಿಯಾಯಿತು ಎಂದು ನೋಡುವಾಗ ಹೊಟ್ಟೆ ಉರಿಯುತ್ತದೆ. ಆದರೆ ಇಲ್ಲಿ ಜಿಪುಣತನ ಮಾಡಿದವರೇ ಈ ಮೀನು ಚೆನ್ನಾಗಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವುದು.

ಇವರು ತುಂಡುಗಳನ್ನು ಉಪ್ಪುನೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದರು. ಮೇಲೆ ಗರಿಗರಿ, ಒಳಗೆ ಗಟ್ಟಿ, ಖಾರವೊಂದು ಇಲ್ಲ. ನಾನು ಒಂದು ಪಾಲು ಕೇಳಿ ಪಡೆದು ತೊರಕೆಗೆ ಮಾಡುವ ಮಸಾಲೆಯಲ್ಲೇ ಗಸಿ ಮಾಡಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಸ್ವಲ್ಪ ಮೆಂತೆ ಹುರಿದುಕೊಂಡು, ಕಾಳುಮೆಣಸು ಬೆಳ್ಳುಳ್ಳಿ ಧಾರಾಳ ಹಾಕಿ, ಕಾನ್ಸಾಸ್ ಸಿಟಿಯ ಇಂಡಿಯನ್ ಅಂಗಡಿಯಿಂದ ತಂದಿದ್ದ ಫ್ರೋಜನ್ ತೆಂಗಿನತುರಿಯ ಜೊತೆ ರುಬ್ಬಿ, ಹುಣಸೆಹುಳಿ ಬಿಟ್ಟು ಕುದಿಸಿದೆ. ಬಂಗುಡೆಯಾಗಿದ್ದರೆ ಸೌಟು ತಾಗಿಸಲು ಹೆದರಬೇಕು. ಇದನ್ನು ಎಷ್ಟು ಮಗುಚಿದರೂ ತುಂಡು ಒಡೆಯಲಿಲ್ಲ. ಆದರೆ ಅದೇ ಗಟ್ಟಿತನದಿಂದಾಗಿ ಹುಳಿ ಖಾರ ಒಳಗೆ ಇಳಿಯುವುದೂ ನಿಧಾನ. ಅಂದು ಸುಮಾರಾಗಿತ್ತು, ಮಾರನೆಯ ಬೆಳಿಗ್ಗೆ ತಂಗಳು ಗಸಿ ಬಹಳ ಚೆನ್ನಾಗಿತ್ತು. ಮನೆಯ ಮಕ್ಕಳು ಮುಳ್ಳಿನ ಭಯವಿಲ್ಲದೆ ಅನ್ನದ ಜೊತೆ ಕಲಸಿ ತಿಂದರು.

ನನ್ನ ತೀರ್ಪು ಕೇಳಿದರೆ: ರುಚಿಯಲ್ಲಿ ಕಾಣೆ, ಅಂಜಲ್‌ಗೆ ಇದು ಸಮ ಬರುವುದಿಲ್ಲ, ತೊರಕೆಗಿಂತ ಒಂದು ಕೈ ಮೇಲು. ಹಿಡಿಯುವ ಬಗೆಗೆ ಹತ್ತಕ್ಕೆ ಮೂರು ಅಂಕ, ಉಳಿಸುವ ಬಗೆಗೆ ಒಂಬತ್ತು.

ಇಲ್ಲಿನ ಹೆಣೆದ ದಾರ ಬಹಳ ಗಟ್ಟಿ, ತೆಳುವಾದದ್ದೂ ಸಿಗುತ್ತದೆ. ನಿಮ್ಮ ಗಾಳಕ್ಕೆ ಎಷ್ಟು ಪೌಂಡಿನದು ಬೇಕು, ಎಷ್ಟು ಉದ್ದ ಬೇಕು ಎಂದು ತಿಂಗಳ ಕೊನೆಯೊಳಗೆ ತಿಳಿಸಿ, ಬರುವಾಗ ತರುತ್ತೇನೆ.

ನಿಮ್ಮ ಪ್ರೀತಿಯ ಮಗಳು