ಅಂಗಳದಾಚೆಯ ಹಾಡು

1990ನೆಯ ಇಸವಿಯ ಮಾತು. ಇಂದು ತಾಲೂಕಾಗಿರುವ ಕಡಬವು ಅಂದು ಪುತ್ತೂರು ತಾಲೂಕಿಗೆ ಸೇರಿದ ಊರು. ನಮ್ಮ ಮನೆ ಅದರ ಆಸುಪಾಸಿನಲ್ಲಿತ್ತು. ಅಡಕೆ ಮರದ ಕಂಬದ ತುದಿಗೆ ಕಟ್ಟಿದ ಆಂಟೆನಾವನ್ನು ಒಬ್ಬನು ತಿರುಗಿಸುವುದು, ಒಳಗಿನಿಂದ ಇನ್ನೊಬ್ಬನು "ಬಂತು, ಹೋಯಿತು" ಎಂದು ಕೂಗುವುದು, ಇದು ನಮ್ಮ ಸಂಜೆಯ ನಿತ್ಯವಿಧಿಯಾಗಿತ್ತು.

ದೂರದರ್ಶನದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಬರತೊಡಗಿದಾಗ ಚಾವಡಿಯಲ್ಲಿ ಕಾಲಿಡಲು ಎಡೆಯಿರುತ್ತಿರಲಿಲ್ಲ. ತಮ್ಮದೇ ತುಳು ನಾಟಕವನ್ನು ಅವರು ಹದಿಮೂರು ಕಂತುಗಳ ಕನ್ನಡ ಧಾರಾವಾಹಿಯಾಗಿಸಿದ್ದರು. ಕತೆ ಕನ್ನಡದ್ದಾದರೂ ಆರಂಭದ ಹಾಡು ಮಾತ್ರ ತುಳುವಿನದು. 'ಡೆನ್ನಾನ ಡೆನ್ನಾನ' ಎಂಬ ಅದರ ಸೊಲ್ಲು ಕಿವಿಗೆ ಬಿದ್ದೊಡನೆ ಹುಡುಗರಾದ ನಾವು ಭಯದಿಂದ ಒಬ್ಬರಿಗೊಬ್ಬರು ಅಂಟಿ ಕೂಡುತ್ತಿದ್ದೆವು.

ನಮ್ಮ ಗದ್ದೆಗೆ ನೇಜಿ ನೆಡಲು ಬರುತ್ತಿದ್ದ ಹಿರಿಯಳೊಬ್ಬಳು ಅಂಗಳದಂಚಿನಲ್ಲಿ ನಿಂತೇ ನೋಡುತ್ತಿದ್ದಳು. ಚಾವಡಿಗೆ ಬಾ ಎಂದು ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ. ಮೊದಲ ದಿನ ಹಾಡು ಮುಗಿದಾಗ ಆಕೆ ನಕ್ಕು, "ಇದು ನಮ್ಮ ಗದ್ದೆಯದಲ್ಲವೇ?" ಎಂದಳು. ನಿಜ. ಕೆಸರಿನಲ್ಲಿ ಬಾಗಿ ನಿಂತು ಆಕೆ ಪಾಡ್ದನದ ಸಾಲನ್ನು ಎತ್ತಿಕೊಟ್ಟರೆ, ಉಳಿದವರು ಡೆನ್ನಾನದ ಸೊಲ್ಲು ಸೇರಿಸಿ ಹಿಂಬಾಲಿಸುತ್ತಿದ್ದರು. ವರ್ಷ ವರ್ಷವೂ ಆಕೆಯ ಬಾಯಿಂದ ಕೇಳಿದಾಗ ಅದು ನಮಗೆ ಬರಿಯ ಕೆಲಸದ ಸದ್ದು. ಪೆಟ್ಟಿಗೆಯೊಳಗಿನಿಂದ ಬಂದಾಗಲೇ ಅದು ಹಾಡಾಯಿತು!

ಅದೇ 1990ರ ಡಿಸೆಂಬರಿನಲ್ಲಿ, ನೆರೆಯ ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಮತ್ತು ಅವರ ಸಂಗಡಿಗರಿಗಾಗಿ ಸಿರಿಯ ಪಾಡ್ದನವನ್ನು ಹಲವು ದಿನಗಳ ಕಾಲ ಹಾಡಿದರು. 1998ರಲ್ಲಿ ಅಚ್ಚಾದ ಆ ಕಾವ್ಯದಲ್ಲಿ 15,683 ಸಾಲುಗಳಿವೆ. ಕೇಳಬೇಕೆಂಬ ಹಂಬಲವುಳ್ಳವರು ಕಡಲಾಚೆಯಿಂದ ಬಂದರು; ಚಾವಡಿಯಲ್ಲಿದ್ದ ನಾವು ಅಂಗಳದವರೆಗೂ ಇಳಿಯಲಿಲ್ಲ.

2015ರಲ್ಲಿ 'ರಂಗಿತರಂಗ' ಚಲನಚಿತ್ರವು ಅದೇ ಹಾಡನ್ನು ಮತ್ತೆ ಬಳಸಿಕೊಂಡಿತು. ಮಂಗಳೂರಿನ ಚಿತ್ರಮಂದಿರದ ಕತ್ತಲಿನಲ್ಲಿ ಡೆನ್ನಾನ ಕೇಳಿಸಿದಾಗ ನನ್ನ ಮೈ ಪುಲಕಗೊಂಡಿತು. ಹೊರಬರುತ್ತ ಮಗನು, "ಅಪ್ಪಾ, ಗದ್ದೆಯಲ್ಲಿ ಹಾಡುತ್ತಿದ್ದುದರ ಮುಂದಿನ ಸಾಲು ಯಾವುದು?" ಎಂದು ಕೇಳಿದನು. ಉತ್ತರ ನನ್ನಲ್ಲಿರಲಿಲ್ಲ. ಆಕೆ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದುವು. ಪುತ್ತೂರು, ಸುಳ್ಯಗಳ ಅನೇಕ ಬಯಲುಗಳಂತೆ ನಮ್ಮ ಗದ್ದೆಯೂ ಅಡಕೆ ತೋಟವಾಗಿತ್ತು.

2024ರಲ್ಲಿ ಸುವರ್ಣರೂ ತೀರಿಕೊಂಡರು. ಟೆಲಿವಿಷನ್ನು ಬಂದು ಜನಪದರ ಹಾಡುಗಳನ್ನು ನುಂಗಿತೆಂದು ಹಲವರು ದೂರುವುದುಂಟು. ನಾನು ಹಾಗೆ ದೂರಲಾರೆ. ಅದು ನನ್ನ ಪಾಲಿಗೆ ಒಂದು ಸೊಲ್ಲನ್ನಾದರೂ ಉಳಿಸಿಕೊಟ್ಟಿತು. ಉಳಿದುದನ್ನು ಕಳೆದುಕೊಂಡವನು ನಾನು. ಆಕೆ ನಕ್ಕು ಕೇಳಿದ ಆ ಸಂಜೆ ಜಗಲಿಯಿಂದಿಳಿದು, "ಮುಂದಿನದನ್ನು ಹೇಳಿಕೊಡು" ಎಂದಿದ್ದರೆ ಸಾಕಾಗಿತ್ತು.