ಮಳೆಗಾಲ ಮುಗೀತು, ಬೈಕ್ ಎಬ್ಬಿಸೋಣ

ನಮ್ಮ ಟಿ. ದಾಸರಹಳ್ಳಿಯಲ್ಲಿ ಹಿಮ ಬೀಳಲ್ಲ. ಆದರೂ ಬೈಕ್‌ಗಳು ಮಲಗ್ತವೆ. ಮಳೆ ಶುರುವಾದರೆ ಆಫೀಸಿಗೆ ಮೆಟ್ರೊ. 2015ರ ಮೇ 1ರಿಂದ ಹಸಿರು ಮಾರ್ಗ ಇಲ್ಲೇ ಓಡ್ತಿದೆಯಲ್ಲ. ಬೈಕ್ ಮಾತ್ರ ಮೆಟ್ಟಿಲ ಕೆಳಗೆ ಕವರ್ ಹೊದ್ದು ನಿಂತಿರುತ್ತೆ, ಆಯುಧಪೂಜೆ ತನಕ.

ಪೀಣ್ಯದ ಕಾರ್ಖಾನೆಗಳಲ್ಲಿ ಮೆಷಿನ್ ಒರೆಸೋ ಹೊತ್ತಿಗೆ ನಮ್ಮ ಗಲ್ಲಿಗಳಲ್ಲಿ ಬೈಕ್ ಸ್ನಾನ. ಹಾರ ಹಾಕೋ ಮೊದಲು ನಾನು ಟೈರ್ ಗಾಳಿ, ಬ್ಯಾಟರಿ, ಚೈನ್ ನೋಡ್ತೀನಿ. ದೀಪ ಉರಿದರೂ ಸೆಲ್ಫ್ ಬರೀ ಟಿಕ್ ಟಿಕ್ ಅಂದರೆ ಬ್ಯಾಟರಿ ಚಾರ್ಜ್‌ಗೆ. ಚೈನ್ ಒರೆಸಿ ಲ್ಯೂಬ್ ಹಾಕಬೇಕು. ಈಗಿನ ಪೆಟ್ರೋಲ್‌ನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತೆ, ಅದು ತೇವ ಹೀರುತ್ತೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ಮೆಕ್ಯಾನಿಕ್ ಹತ್ತಿರ ತೆಗೆಸಿ, ಹೊಸದು ಹಾಕಿಸೋದು ಒಳ್ಳೇದು. ಏರ್ ಫಿಲ್ಟರ್ ಬಿಚ್ಚಿ ನೋಡಿ, ಇಲಿ ಸಂಸಾರ ಹೂಡಿರಬಹುದು.

ಸ್ಟಾರ್ಟ್ ಆದ ಖುಷಿಯಲ್ಲಿ ಸುಮಾರು ಜನ ಮರೆಯೋದು ಬ್ರೇಕ್. ಗಲ್ಲಿ ಬಿಟ್ಟರೆ ತುಮಕೂರು ರಸ್ತೆ, ಪಕ್ಕದಲ್ಲೇ ಲಾರಿಗಳ ಸಾಲು. ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕೈದು ಸಲ ಬ್ರೇಕ್ ಹಿಡಿದರೆ ಹೋಗುತ್ತೆ. ಲಿವರ್ ಮೆತ್ತಗಿದ್ದರೆ ಮಾತ್ರ ಬೈಕ್ ಓಡಿಸಲೇಬಾರದು, ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಅಡ್ಡರಸ್ತೆಯಲ್ಲಿ ನಿಧಾನಕ್ಕೆ ಎರಡು ಸುತ್ತು ಹಾಕಿ, ಹಿಡಿದ ಕಡೆ ನಿಲ್ಲುತ್ತೆ ಅಂತ ಖಾತ್ರಿಯಾದ ಮೇಲೆ ನಿಂಬೆಹಣ್ಣು ಹತ್ತಿಸಿ. ಭಾನುವಾರ ಬೆಳಿಗ್ಗೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಶಿವಗಂಗೆ ಬೆಟ್ಟ ಕಾಯ್ತಿರುತ್ತೆ.